ನಿದ್ದೆಯಲ್ಲಿ ನಾಲಿಗೆಯನ್ನು ಹಿಡಿದಿಡುವವರು ಯಾರು?



ಎಲುಬಿಲ್ಲದ ನಾಲಿಗೆ ಎಂದು ನಾವು ಬೈಯುವುದು ಅದರ ಹಗಲಿನ ಕೆಲಸಕ್ಕೆ. ಇವತ್ತಿನ ಮಾತು ಅದರ ರಾತ್ರಿಪಾಳಿಯದು. ಎಲುಬಿಲ್ಲದ ಕಾರಣ, ನಾಲಿಗೆ ತನ್ನ ಜಾಗದಲ್ಲಿ ನಿಲ್ಲಲು ಸ್ನಾಯುಗಳ ಬಿಗಿಯೇ ಆಧಾರ. ಗದ್ದದ ಎಲುಬಿನ ಒಳಮಗ್ಗುಲಿಗೆ ಅಂಟಿಕೊಂಡಿರುವ ಜೀನಿಯೋಗ್ಲಾಸಸ್ ಎಂಬ ಸ್ನಾಯು ಅದನ್ನು ಮುಂದಕ್ಕೆ ಎಳೆದು ಹಿಡಿಯುತ್ತದೆ. ಅದು ಸಡಿಲಾದರೆ, ಅಂಗಾತ ಮಲಗಿದವರ ನಾಲಿಗೆ ಗಂಟಲಿನ ಕಡೆ ಜಾರುತ್ತದೆ. ದಾರಿ ಕಿರಿದಾದರೆ ಗೊರಕೆ. ಪೂರ್ತಿ ಮುಚ್ಚಿದರೆ ಉಸಿರೇ ನಿಲ್ಲುತ್ತದೆ. ವೈದ್ಯರು ಸ್ಲೀಪ್ ಅಪ್ನಿಯಾ ಎನ್ನುವುದು ಇದನ್ನೇ.

ಈ ಸ್ನಾಯುವಿಗೆ ಅಪ್ಪಣೆ ಕೊಡುವ ನರಕೋಶಗಳಿರುವುದು ಮೆದುಳಿನ ಬುಡದಲ್ಲಿ, ಕತ್ತಿನ ಮೇಲ್ತುದಿಗೆ ಸಮೀಪದ ಕಾಂಡಭಾಗದಲ್ಲಿ. ಹನ್ನೆರಡನೆಯ ಕಪಾಲ ನರದ ಮೂಲಕ ಅವುಗಳ ಆಜ್ಞೆ ನಾಲಿಗೆಗೆ ತಲುಪುತ್ತದೆ. ನಾವು ಎಚ್ಚರವಿರುವಷ್ಟು ಹೊತ್ತು ಅದೇ ಕಾಂಡದ ಬೇರೆ ಗುಂಪುಗಳು ಈ ಕೋಶಗಳ ಮೇಲೆ ನಾರ್‌ಅಡ್ರಿನಲಿನ್, ಸೆರೊಟೋನಿನ್ ಎಂಬ ರಾಸಾಯನಿಕಗಳನ್ನು ಸುರಿಸುತ್ತಲೇ ಇರುತ್ತವೆ. ಕಣ್ಣು ಮುಚ್ಚಿ ನಿದ್ದೆ ಹತ್ತಿದಂತೆ ಆ ಪೂರೈಕೆ ತಗ್ಗುತ್ತದೆ. ಕನಸು ದಟ್ಟವಾಗಿ ಬೀಳುವ ರೆಮ್ ನಿದ್ದೆಯಲ್ಲಂತೂ ಬಹುತೇಕ ನಿಂತೇಹೋಗುತ್ತದೆ.

ಆದರೆ ಗಾಡಿ ನಿಧಾನವಾಗಲು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಆಯಿತು, ಬ್ರೇಕ್ ಒತ್ತಿದರೂ ಆಯಿತು. ಕನಸಿನಲ್ಲಿ ಮೈ ಸಡಿಲಾಗುವುದು ಇವೆರಡರಲ್ಲಿ ಯಾವುದರಿಂದ? ಸಂಶೋಧಕರು ಇದರ ಮೇಲೆ ದಶಕಗಟ್ಟಲೆ ಜಗಳವಾಡಿದ್ದಾರೆ, ಒಳ್ಳೆಯ ಜಗಳವೇ.

ಆಕ್ಸಿಲರೇಟರ್ ಅಂದರೆ ಆಗಲೇ ಹೇಳಿದ ಪೂರೈಕೆ. ಬ್ರೇಕ್ ಅಂದರೆ ಮುಖ್ಯವಾಗಿ ಗ್ಲೈಸೀನ್ ಮತ್ತು ಗಾಬಾ ಎಂಬ, ನರಕೋಶಗಳನ್ನು ತಡೆಯುವ ರಾಸಾಯನಿಕಗಳು. ಇವು ಕೈಕೊಟ್ಟರೆ ಏನಾಗುತ್ತದೆಂದು ನಮ್ಮ ಊರುಗಳಿಗೆ ಗೊತ್ತಿದೆ. ಧನುರ್ವಾಯುವಿನ ವಿಷ ಈ ಎರಡೂ ಬಿಡುಗಡೆಯಾಗದಂತೆ ತಡೆಯುತ್ತದೆ. ಮೊದಲು ಕಚ್ಚಿಕೊಳ್ಳುವುದು ದವಡೆಯೇ. ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್ ಗ್ಲೈಸೀನ್ ಕೂರಬೇಕಾದ ಜಾಗಕ್ಕೇ, ಅಂದರೆ ಅದರ ಗ್ರಾಹಕಕ್ಕೇ, ಅಡ್ಡ ಕೂರುತ್ತದೆ.

ಟೊರಾಂಟೊದ ಸಂಶೋಧಕರಾದ ಪೆಟ್ರೀಶಿಯಾ ಬ್ರೂಕ್ಸ್ ಮತ್ತು ಜಾನ್ ಪೀವರ್ 2012ರಲ್ಲಿ ಇಲಿಗಳ ದವಡೆಯ ಸ್ನಾಯುವಿನ ಮೇಲೆ ಈ ಬ್ರೇಕನ್ನು ಪರೀಕ್ಷಿಸಿದರು. ಗ್ಲೈಸೀನನ್ನೂ ಗಾಬಾದ ಒಂದು ಬಗೆಯ ಗ್ರಾಹಕವನ್ನೂ ತಡೆದರೆ ಸಾಲದಾಯಿತು. ಗಾಬಾದ ಎರಡನೆಯ ಬಗೆಯ ಗ್ರಾಹಕವನ್ನೂ ಕೂಡಿಸಿ ತಡೆದಾಗ ಮಾತ್ರ ರೆಮ್ ನಿದ್ದೆಯಲ್ಲೂ ದವಡೆಗೆ ಬಿಗಿ ಮರಳಿತು. ಅಂದರೆ ದವಡೆಯ ಮಟ್ಟಿಗೆ ಬ್ರೇಕ್ ಬಲವಾಗಿಯೇ ಇದೆ. ಪಕ್ಕದಲ್ಲೇ ಇರುವ ನಾಲಿಗೆಗೂ ಇದೇ ಲೆಕ್ಕ ಅಂದುಕೊಂಡರೆ, ಇಲ್ಲ! ಅದೇ ಊರಿನ ರಿಚರ್ಡ್ ಹಾರ್ನರ್ ಅವರ ತಂಡ ಕಂಡಂತೆ, ನಾಲಿಗೆಯಲ್ಲಿ ಗ್ಲೈಸೀನ್ ಮತ್ತು ಗಾಬಾಗಳ ಪಾತ್ರ ಚಿಕ್ಕದು. ಅಲ್ಲಿ ನಾರ್‌ಅಡ್ರಿನಲಿನ್ ಹಿಂದೆ ಸರಿಯುವುದು ಒಂದು ಕಾರಣ, ಅಸಿಟೈಲ್‌ಕೋಲಿನ್ ಎಂಬ ಬೇರೊಂದು ರಾಸಾಯನಿಕ ಮಸ್ಕರಿನಿಕ್ ಎಂಬ ಬಗೆಯ ಗ್ರಾಹಕಗಳ ಮೂಲಕ ಬ್ರೇಕ್ ಒತ್ತುವುದು ಇನ್ನೊಂದು. ಎರಡೂ ಕೆಲಸ ಪ್ರಾಣಿಗಳಲ್ಲಿ ನಡೆದದ್ದು, ಅದು ನೆನಪಿರಲಿ.

ಆದರೂ ಇದು ಬರೀ ಪ್ರಯೋಗಾಲಯದ ಕುತೂಹಲವಾಗಿ ಉಳಿಯಲಿಲ್ಲ. ನಾರ್‌ಅಡ್ರಿನಲಿನ್ ಹೆಚ್ಚಿಸುವ ಆಟೊಮಾಕ್ಸೆಟಿನ್ ಗಮನದ ಕೊರತೆಗೆ ಕೊಡುವ ಮಾತ್ರೆ. ಮಸ್ಕರಿನಿಕ್ ಗ್ರಾಹಕ ತಡೆಯುವ ಆಕ್ಸಿಬ್ಯುಟಿನಿನ್ ಮೂತ್ರಕೋಶದ ಮಾತ್ರೆ. ಬೇರೆ ಬೇರೆ ಕಾಯಿಲೆಯ ಈ ಎರಡು ಹಳೆಯ ಔಷಧಿಗಳನ್ನು ಜೊತೆಗೂಡಿಸಿ ಅಪ್ನಿಯಾ ಇದ್ದವರಿಗೆ ಮಲಗುವ ಮುನ್ನ ಕೊಟ್ಟು ನೋಡಿದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಉಸಿರಿನ ಅಡಚಣೆಗಳು ಗಣನೀಯವಾಗಿ ಇಳಿದಿದ್ದವು. ಪ್ರಯೋಗ ಚಿಕ್ಕದು, ಅವಧಿ ಒಂದು ರಾತ್ರಿ. ಹಾಗಾಗಿ ಔಷಧಿ ಅಂಗಡಿಗೆ ಓಡಬೇಡಿ. 1981ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ತೋರಿಸಿಕೊಟ್ಟ ಸಿಪ್ಯಾಪ್, ಅಂದರೆ ಮೂಗಿನ ಮೂಲಕ ಗಾಳಿಯ ಒತ್ತಡ ಕೊಡುವ ಯಂತ್ರವೇ ಇಂದಿಗೂ ಮುಖ್ಯ ಚಿಕಿತ್ಸೆ.

ಕೊನೆಯದಾಗಿ ಒಂದು ಮನವಿ. ಮನೆಯಲ್ಲಿ ಯಾರಾದರೂ ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಬೆಚ್ಚಿದಂತೆ ಎಳೆದುಕೊಳ್ಳುತ್ತಿದ್ದರೆ, ಹಗಲೆಲ್ಲ ತೂಕಡಿಸುತ್ತಿದ್ದರೆ, ನಕ್ಕು ಸುಮ್ಮನಾಗಬೇಡಿ. ಅವರಿಗೆ ಮದ್ಯದ ಅಭ್ಯಾಸವಿದ್ದರೆ ರಾತ್ರಿಯದ್ದನ್ನಾದರೂ ಬಿಡಿಸಿ, ಏಕೆಂದರೆ ಮದ್ಯ ನಾಲಿಗೆಯ ಈ ಸ್ನಾಯುವನ್ನು ಇನ್ನಷ್ಟು ಸಡಿಲಿಸುತ್ತದೆ. ವೈದ್ಯರ ಬಳಿ ಕರೆದೊಯ್ದು ನಿದ್ರಾ ಪರೀಕ್ಷೆ ಮಾಡಿಸಿ.