ಶ್ರಾವಣಕ್ಕೆ ತಡೆಯುವ ಕ್ಯಾಮೆರಾ

ಗೋಕಾಕ ಫಾಲ್ಸ್‌ನ ತೂಗುಸೇತುವೆಯನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಘಟಪ್ರಭೆಯ ಮೇಲೆ ಸುಮಾರು 200 ಮೀಟರ್ ಉದ್ದ. ಆಫೀಸುಗಳಲ್ಲಿ ಕ್ಯಾಮೆರಾಕ್ಕೆ ಹಾಕುವ ನೆಟ್‌ವರ್ಕ್ ಕೇಬಲ್ಲನ್ನು ಈ ದಂಡೆಯಿಂದ ಎಳೆದರೆ ಅದು ನಡುಸೇತುವೆಗೇ ಸೋಲುತ್ತದೆ. ಒಂದು ಎಳೆಗೆ ಅದರ ಮಿತಿ 100 ಮೀಟರ್. ಪಂಪ್‌ಸೆಟ್ ಕಾಯಲು ಕ್ಯಾಮೆರಾ ಹಾಕೋಣವೆಂದರೆ, ಇಲ್ಲೇ ಕೊಣ್ಣೂರಿನ ಸುತ್ತ ತೋಟದ ಮನೆಯಿಂದ ಹೊಳೆದಂಡೆಯ ಮೋಟಾರಿಗೆ ಎಷ್ಟೋ ಕಡೆ ಅದಕ್ಕಿಂತ ದೂರ. ನೆಲದಲ್ಲಿ ಹೂಳೋಣವೆಂದರೆ ಟ್ರ್ಯಾಕ್ಟರಿನ ನೇಗಿಲಿದೆ, ಕಬ್ಬಿನೊಳಗೆ ಇಲಿಗಳಿವೆ, ಬೇಸಿಗೆಗೆ ಬಾಯಿ ಬಿಡುವ ಎರೆಮಣ್ಣಿದೆ. ಮೇಲಾಗಿ, ಮೋಟಾರಿನ ತಾಮ್ರದ ವೈರು ಕದಿಯುವವನನ್ನು ಹಿಡಿಯಲು ಅವನಿಗೆ ಇನ್ನಷ್ಟು ತಾಮ್ರ ಹಾಸಿಟ್ಟಂತೆ!

ಹಾಗಾದರೆ ಚಿತ್ರ ಮನೆಗೆ ಬರುವ ದಾರಿ ಯಾವುದು?

ಮನೆಯಲ್ಲಿ ಇಂಟರ್ನೆಟ್ ಇದ್ದರೆ, ಮಾಳಿಗೆಯ ಮೇಲೊಂದು, ಹೊಲದ ಕಂಬದ ಮೇಲೊಂದು ವೈರ್‌ಲೆಸ್ ಪೆಟ್ಟಿಗೆಯನ್ನು ಎದುರುಬದುರು ಕಟ್ಟಬಹುದು. ಕಿಲೋಮೀಟರ್ ದೂರವಾದರೂ ಚಿತ್ರ ಬರುತ್ತದೆ. ಆದರೆ ಒಂದಕ್ಕೊಂದು ಕಾಣುವಂತಿರಬೇಕು. ಕಬ್ಬು ಕಡಿದ ಬಯಲಿನಲ್ಲಿ ಕಟ್ಟಿ, ಚಿತ್ರ ಬಂತೆಂದು ಹಿಗ್ಗಿದವರು ಶ್ರಾವಣದಲ್ಲಿ ಮೋಸ ಹೋಗುತ್ತಾರೆ. ಆಳೆತ್ತರ ದಾಟಿದ ಕಬ್ಬು ಆಗ ಮಳೆಗೆ ತೊಯ್ದು ನಿಂತಿರುತ್ತದೆ. ರೇಡಿಯೋ ಅಲೆಯನ್ನು ನೀರು ನುಂಗುತ್ತದೆ. ಆದ್ದರಿಂದ ಕಂಬ ಬೆಳೆದ ಕಬ್ಬಿನ ತುದಿಗಿಂತ ಸಾಕಷ್ಟು ಮೇಲಿರಲಿ.

ಇಂಟರ್ನೆಟ್ ಇಲ್ಲದಿದ್ದರೆ ಸಿಮ್ ಹಾಕುವ 4ಜಿ ಕ್ಯಾಮೆರಾ. ಇಲ್ಲೊಂದು ಸಣ್ಣ ಲೆಕ್ಕ. ಸೆಕೆಂಡಿಗೆ ಒಂದು ಮೆಗಾಬಿಟ್‌ನಂತೆ ಬಿಡುವಿಲ್ಲದೆ ಕಳಿಸಿದರೂ ದಿನಕ್ಕೆ ಸುಮಾರು 11 ಜಿಬಿ ಬೇಕು. ದಿನಕ್ಕೆ 2 ಜಿಬಿ ಕೊಡುವ ಸಿಮ್ ನಾಲ್ಕೂವರೆ ತಾಸಿಗೇ ಮುಗಿಯುತ್ತದೆ. ಅದಕ್ಕೇ ದಿನವಿಡೀ ಚಿತ್ರ ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿನಲ್ಲಿ ಉಳಿಯಲಿ, ಯಾರಾದರೂ ಬಂದಾಗಿನ ತುಣುಕು ಮಾತ್ರ ಮೊಬೈಲಿಗೆ ಬರಲಿ. ಆ ತುಣುಕಾದರೂ ಬರಲೇಬೇಕು. ಕಳ್ಳ ಕ್ಯಾಮೆರಾವನ್ನೇ ಹೊತ್ತೊಯ್ದರೆ ಕಾರ್ಡೂ ಅದರ ಜೊತೆಗೇ ಹೋಗುತ್ತದೆ.

ಇನ್ನು ಕರೆಂಟು. ಪಂಪ್‌ಸೆಟ್ಟಿಗೆ ಮೂರು ಫೇಸ್ ಸಿಗುವುದು ದಿನಕ್ಕೆ 7 ತಾಸು. ವೈರು ಕತ್ತರಿಸುವವನು ಬರುವುದೇ ಕರೆಂಟಿಲ್ಲದ ಹೊತ್ತಿನಲ್ಲಿ. ಹಾಗಾಗಿ ಸೋಲಾರ್ ಬೇಕು. ಸದಾ ಎಚ್ಚರವಿರುವ 5 ವ್ಯಾಟಿನ ಕ್ಯಾಮೆರಾ ದಿನಕ್ಕೆ 120 ವ್ಯಾಟ್-ಅವರ್ ತಿನ್ನುತ್ತದೆ. 12 ವೋಲ್ಟ್, 20 ಆಂಪಿಯರ್-ಅವರ್ ಬ್ಯಾಟರಿ ಬಿಸಿಲಿಲ್ಲದೆ ತಡೆಯುವುದು ಹೆಚ್ಚೆಂದರೆ ಎರಡು ದಿನ. ಶ್ರಾವಣದ ಮೋಡ ಎರಡೇ ದಿನಕ್ಕೆ ಸರಿಯುತ್ತದೆಯೇ? ಮೈಶಾಖ ತಾಗಿದಾಗ ಮಾತ್ರ ಎಚ್ಚರಗೊಳ್ಳುವ ಕ್ಯಾಮೆರಾ ಬಹಳ ಕಡಿಮೆ ತಿನ್ನುತ್ತದೆ. ಆದರೆ ಏಳಲು ಅದಕ್ಕೆ ಕೆಲ ಕ್ಷಣ ಬೇಕು, ದೂರದ್ದು ತಿಳಿಯುವುದಿಲ್ಲ, ನಾಯಿ ಬಂದರೂ ಕೂಗುತ್ತದೆ. ಮೋಟಾರಿನ ಹತ್ತಿರದ ಕಾವಲಿಗೆ ಅದು ಸಾಕು. ತೋಟದ ರಸ್ತೆಯ ಓಡಾಟವೂ ಪೂರ್ತಿ ದಾಖಲಾಗಬೇಕೆಂದರೆ ದೊಡ್ಡ ಪ್ಯಾನೆಲ್ಲು, ದೊಡ್ಡ ಬ್ಯಾಟರಿ ಅನಿವಾರ್ಯ.

ಮಳೆ, ದೂಳು ತಡೆಯಲು ಡಬ್ಬಿಯ ಮೇಲೆ ಐಪಿ 66 ಅಥವಾ 67 ಎಂಬ ಗುರುತು ನೋಡಿ. ಹೊಳೆದಂಡೆಯವರು 2019ರ ಆಗಸ್ಟಿನ ಮಹಾಪೂರ ಮರೆತಿಲ್ಲ. ಬ್ಯಾಟರಿ ಪೆಟ್ಟಿಗೆ ಆ ನೀರಿನ ಗೆರೆಗಿಂತ ಮೇಲಿರಲಿ. 2025ರ ಏಪ್ರಿಲ್ 9ರಿಂದ ನಮ್ಮ ದೇಶದಲ್ಲಿ ಹೊಸ ಸಿಸಿಟಿವಿ ಕ್ಯಾಮೆರಾಗಳಿಗೆ ಸರ್ಕಾರದ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಅದು ಪಾಸಾಗಿದೆಯೇ ಎಂದು ಕೇಳಿ. ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ಇಲ್ಲದಿದ್ದರೆ ನಿಮ್ಮ ಅಂಗಳವನ್ನು ಪರರೂ ನೋಡಬಹುದು.

ಸಿಮ್ ಕ್ಯಾಮೆರಾ ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಕೆಲಸ ಮಾಡಿ. ಮಳೆ ಹಿಡಿದ ದಿನ, ಕಬ್ಬು ಎದ್ದು ನಿಂತಿರುವಾಗ, ಕ್ಯಾಮೆರಾ ಹಾಕುವ ಜಾಗಕ್ಕೆ ಮೊಬೈಲು ತೆಗೆದುಕೊಂಡು ಹೋಗಿ ಮನೆಗೆ ವಿಡಿಯೋ ಕಾಲ್ ಮಾಡಿ. ಮನೆಯವರಿಗೆ ನಿಮ್ಮ ಮುಖ ನೆಟ್ಟಗೆ ಕಂಡರೆ ಆ ಸಿಮ್ ನಡೆಯುತ್ತದೆ. ಕಾಣದಿದ್ದರೆ ಬೇರೆ ಕಂಪನಿಯ ಸಿಮ್ ಹಾಕಿ ನೋಡಿ. ಆಮೇಲೆ ಅಂಗಡಿಗೆ ಹೋದರಾಯಿತು.