ಬೈಗುಳದ ಪದಕ್ಕೆ ಬಂದ ಗ್ರ್ಯಾಮಿ



ಬೆಂಗಳೂರಿನ ಡ್ಯಾನ್ಸ್ ಕ್ಲಾಸುಗಳ ಬೋರ್ಡು ನೋಡಿರ್ತೀರಿ. ‘ಸಾಲ್ಸಾ, ಬಚಾತಾ ಕಲಿಸಲಾಗುವುದು’ ಅಂತ ಇರುತ್ತೆ. ವೀಕೆಂಡ್ ಬ್ಯಾಚು, ಒಳ್ಳೆ ಫ್ಲೋರು, ಆಫೀಸು ಮುಗಿಸಿ ಬಂದ ಹುಡುಗ ಹುಡುಗಿಯರು. ಈ ಬಚಾತಾ ಅನ್ನೋ ಪದ ಇದೆಯಲ್ಲ, ಅದು ಹುಟ್ಟಿದ ದೇಶದಲ್ಲೇ ಒಂದು ಕಾಲಕ್ಕೆ ಬೈಗುಳವಾಗಿತ್ತು. ಮರ್ಯಾದಸ್ಥರು ಅನ್ನಿಸಿಕೊಂಡವರ ಮನೆಯಲ್ಲಿ ಆ ಹಾಡು ಹಾಕುವಂತಿರಲಿಲ್ಲ. ಅದೇ ಪದವನ್ನು ಒಬ್ಬ ಗಾಯಕ ತನ್ನ ಆಲ್ಬಮ್ಮಿನ ಹೆಸರಾಗಿಯೇ ಇಟ್ಟ. ಅದಕ್ಕೆ ಗ್ರ್ಯಾಮಿ ಬಂತು. ಆಲ್ಬಮ್ಮಿನ ಹೆಸರು ‘ಬಚಾತಾ ರೋಸಾ’, ಗಾಯಕ ಹುವಾನ್ ಲೂಯಿಸ್ ಗೆರ್ರಾ.

ದೇಶ ಡೊಮಿನಿಕನ್ ರಿಪಬ್ಲಿಕ್. ಕೆರಿಬಿಯನ್ ಸಮುದ್ರದಲ್ಲಿ ಒಂದೇ ದ್ವೀಪ, ಪಶ್ಚಿಮಕ್ಕೆ ಹೈಟಿ, ಪೂರ್ವಕ್ಕೆ ಇದು. ನಮಗೆ ಕೆರಿಬಿಯನ್ ಅಂದ ತಕ್ಷಣ ಕ್ರಿಕೆಟ್ ನೆನಪಾಗುತ್ತೆ. ಇವರು ಬೇಸ್‌ಬಾಲ್ ಆಡುವವರು, ಸ್ಪ್ಯಾನಿಷ್ ಮಾತಾಡುವವರು. 1930ರಿಂದ 1961ರವರೆಗೆ ಇಲ್ಲಿ ರಫಾಯೆಲ್ ತ್ರುಹಿಯೊ ಅನ್ನೋ ಸರ್ವಾಧಿಕಾರಿಯ ಆಟ ನಡೀತು. ಆತನಿಗೆ ಮೆರೆಂಗೆ ಸಂಗೀತ ಇಷ್ಟ, ಅಷ್ಟೇ, ಅದೇ ರಾಷ್ಟ್ರದ ಸಂಗೀತ ಆಗಿಹೋಯ್ತು. ಮೆರೆಂಗೆಯಲ್ಲಿ ಆತನ ಗುಣಗಾನ. ದೊಡ್ಡ ರೇಡಿಯೋ ಕೇಂದ್ರ ಯಾರ ಕೈಯಲ್ಲಿತ್ತು ಗೊತ್ತಾ? ಆತನ ಸ್ವಂತ ತಮ್ಮನ ಕೈಯಲ್ಲಿ.

1961ರ ಮೇ 30ಕ್ಕೆ ತ್ರುಹಿಯೊನನ್ನು ಗುಂಡಿಟ್ಟು ಕೊಂದರು. ಮರುವರ್ಷವೇ, 1962ರಲ್ಲಿ, ಹೊಸೆ ಮಾನ್ವೆಲ್ ಕಾಲ್ದೆರೊನ್ ಅನ್ನೋ ಹುಡುಗ ಗಿಟಾರ್ ಹಾಡುಗಳನ್ನು ರೆಕಾರ್ಡ್ ಮಾಡಿಸಿದ. ಬಚಾತಾದ ಮೊದಲ ರೆಕಾರ್ಡುಗಳು ಅಂತ ಇವತ್ತು ಲೆಕ್ಕಕ್ಕೆ ತಗೊಳ್ಳೋದು ಅವನ್ನೇ. ಮೂವತ್ತು ವರ್ಷ ಮುಚ್ಚಿಟ್ಟ ಪಾತ್ರೆಯ ಮುಚ್ಚಳ ತೆಗೆದ ಹಾಗೆ.

ಹಳ್ಳಿಯ ಜನ ಕೆಲಸ ಹುಡುಕಿಕೊಂಡು ರಾಜಧಾನಿ ಸ್ಯಾಂಟೋ ಡೊಮಿಂಗೊಗೆ ಬಂದರು, ಕೊಳೆಗೇರಿಗಳಲ್ಲಿ ನೆಲೆಯಾದರು. ಸಂಜೆಯಾದರೆ ಕೊಲ್ಮಾದೊ, ಅಂದ್ರೆ ಓಣಿಯ ಕಿರಾಣಿ ಅಂಗಡಿ. ಅಲ್ಲೇ ರಮ್ಮು, ಅಲ್ಲೇ ಹಾಡು. ಗಿಟಾರ್, ಬೊಂಗೋ, ಲೋಹದ ಕೊಳವೆಯನ್ನು ಕಡ್ಡಿಯಿಂದ ಕೆರೆದು ನುಡಿಸುವ ಗ್ವೀರಾ. ಕೈಕೊಟ್ಟ ಹುಡುಗಿ, ಕುಡಿದು ಅಳುವ ಗಂಡಸು, ಊರು ಬಿಟ್ಟ ಸಂಕಟ. ಈ ಸಂಗೀತಕ್ಕೆ ಅವರೇ ಇಟ್ಟ ಇನ್ನೊಂದು ಹೆಸರು ‘ಆಮಾರ್ಗೆ’, ಅಂದ್ರೆ ಕಹಿ. ಬಚಾತಾ ಅಂದ್ರೆ ಮೊದಲು ಹಿತ್ತಲಲ್ಲಿ ಸೇರಿ ಮಾಡುವ ಮೋಜು, ಅಷ್ಟೇ. ಮೇಲಿನವರು ಅದನ್ನು ‘ಕೀಳು ಜನರ ಗದ್ದಲ’ ಅನ್ನೋ ಅರ್ಥದಲ್ಲಿ ಬಳಸಿದರು. ದೊಡ್ಡ ಸ್ಟೇಷನ್ನುಗಳು ಹಾಕಲಿಲ್ಲ. ಹಾಕಿದ್ದು ರೇಡಿಯೋ ಗ್ವಾರಾಚಿತಾ ಅನ್ನೋ ಒಂದು ಕೇಂದ್ರ. ಬಡವರ ಮನೆಗಳಲ್ಲಿ ಅದರದ್ದೇ ಧ್ವನಿ.

ಇಲ್ಲಿ ಒಂದು ಮಾತು. ನಾನು ಕೂತಿರೋದು ಟಿವಿ ಸ್ಟುಡಿಯೋದಲ್ಲಿ. ಯಾವುದು ಪ್ರಸಾರಕ್ಕೆ ಯೋಗ್ಯ, ಯಾವುದು ಅಲ್ಲ ಅಂತ ನಮ್ಮ ಕಸುಬಿನಲ್ಲಿ ದಿನಾ ತೀರ್ಮಾನ ಆಗುತ್ತೆ. ಎಷ್ಟೋ ಸಲ ಆ ತೀರ್ಮಾನ ಹಾಡಿನ ಬಗ್ಗೆ ಆಗಿರೋದಿಲ್ಲ, ಕೇಳುವವರು ಯಾರು ಅನ್ನೋದರ ಬಗ್ಗೆ ಆಗಿರುತ್ತೆ. ಬಚಾತಾಗೆ ಆಗಿದ್ದು ಅದೇ. ಅದೇ ಗಿಟಾರಿನಲ್ಲಿ ಬೊಲೆರೊ ನುಡಿಸಿದರೆ ಶಿಷ್ಟ, ಕೊಲ್ಮಾದೊದಲ್ಲಿ ನುಡಿಸಿದರೆ ಅಶ್ಲೀಲ.

ಈಗ ಗೆರ್ರಾ ವಿಷಯಕ್ಕೆ ಬರೋಣ. 1957ರಲ್ಲಿ ಹುಟ್ಟಿದ್ದು ಸ್ಯಾಂಟೋ ಡೊಮಿಂಗೊದಲ್ಲೇ, ಆದರೆ ಕೊಳೆಗೇರಿಯಲ್ಲಲ್ಲ. ಮೊದಲು ತತ್ವಶಾಸ್ತ್ರ, ಸಾಹಿತ್ಯ ಓದಿದ. ಆಮೇಲೆ ಅಮೆರಿಕದ ಬಾಸ್ಟನ್ನಿನ ಬರ್ಕ್ಲಿ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಜಾಝ್. ವಾಪಸ್ ಬಂದು ಕಟ್ಟಿದ ಬ್ಯಾಂಡಿಗೆ ಇಟ್ಟ ಹೆಸರು 440. ಪಿಯುಸಿ ಫಿಸಿಕ್ಸ್ ಲ್ಯಾಬಿನಲ್ಲಿ ಟ್ಯೂನಿಂಗ್ ಫೋರ್ಕ್ ಬಡಿದವರಿಗೆ ಹೊಳೆಯಬೇಕು: ಸೆಕೆಂಡಿಗೆ 440 ಕಂಪನ, ಪಾಶ್ಚಾತ್ಯ ವಾದ್ಯಗಳನ್ನೆಲ್ಲ ಶ್ರುತಿ ಮಾಡಿಕೊಳ್ಳುವ ‘ಎ’ ಸ್ವರ. ಎಂಜಿನಿಯರಿಂಗ್ ಓದಿ ನ್ಯೂಸ್ ಓದಲು ಬಂದ ನನಗೆ ಈ ಹೆಸರು ಕೇಳಿದ ಕೂಡಲೇ ಈತ ನಮ್ಮವನು ಅನ್ನಿಸಿಬಿಡ್ತು.

1984ರ ಮೊದಲ ಆಲ್ಬಮ್ಮಿನಲ್ಲಿ ಜಾಝ್ ಶೈಲಿಯ ಗುಂಪು ಗಾಯನ. ಸಾಮಾನ್ಯ ಜನಕ್ಕೆ ತಲುಪಲಿಲ್ಲ. ಮೆರೆಂಗೆಗೆ ಮರಳಿದ. 1989ರಲ್ಲಿ ಬಂದ ಹಾಡು ‘ಓಹಾಲಾ ಕೆ ಯುವೇವಾ ಕಫೆ’, ಹೊಲದ ಮೇಲೆ ಕಾಫಿ ಮಳೆ ಸುರಿಯಲಿ ಅನ್ನೋ ಬಡ ರೈತನ ಹಾರೈಕೆ. ಅದು ಲ್ಯಾಟಿನ್ ಅಮೆರಿಕ ತುಂಬಾ ಹಬ್ಬಿತು. ಅದರ ಬೆನ್ನಿಗೆ, 1990ರ ಕೊನೆಗೆ, ‘ಬಚಾತಾ ರೋಸಾ’.

ರೋಸಾ ಅಂದ್ರೆ ಹೂವೂ ಹೌದು, ಬಣ್ಣವೂ ಹೌದು, ನಮ್ಮ ‘ಗುಲಾಬಿ’ ಇದ್ದ ಹಾಗೇ. ಕಹಿ ಅಂತ ಹೆಸರು ಹೊತ್ತ ಸಂಗೀತದ ಪಕ್ಕ ಈತ ಗುಲಾಬಿ ತಂದಿಟ್ಟ. ಹತ್ತು ಹಾಡು, ಎಲ್ಲವೂ ಬಚಾತಾ ಅಲ್ಲ. ಮೆರೆಂಗೆ ಇದೆ, ಸಾಲ್ಸಾ ಇದೆ. ‘ಬುರ್ಬುಹಾಸ್ ದೆ ಆಮೋರ್’ ಅನ್ನೋ ಬಚಾತಾದಲ್ಲಿ ಪ್ರೇಮಿ ತಾನು ಮೀನಾಗಿ ಅವಳ ಗಾಜಿನ ತೊಟ್ಟಿಗೆ ಮೂಗು ತಾಗಿಸಬೇಕು ಅಂತಾನೆ. ಅರ್ಥ ಆಗುವವರಿಗೆ ಆಗುತ್ತೆ. ಪೋಲಿತನ ಹಾಗೇ ಇದೆ, ಕವಿತೆಯ ಅಂಗಿ ತೊಟ್ಟಿದೆ. ‘ಲಾ ಬಿಲಿರುಬಿನಾ’ ಅನ್ನೋ ಮೆರೆಂಗೆಯಲ್ಲಿ ಅವಳನ್ನು ನೋಡಿದರೆ ಇವನ ರಕ್ತದಲ್ಲಿ ಬಿಲಿರುಬಿನ್ ಏರುತ್ತೆ. ಲಿವರ್ ಟೆಸ್ಟ್ ರಿಪೋರ್ಟಲ್ಲಿ ಬರುತ್ತಲ್ಲ, ಅದೇ ಬಿಲಿರುಬಿನ್! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತೀವಿ. ಈ ರೋಗಿಗೆ ಕಂಡದ್ದೆಲ್ಲ ಅವಳೇ. ಪ್ರೇಮಜ್ವರಕ್ಕೆ ಲ್ಯಾಬ್ ರಿಪೋರ್ಟ್ ಬರೆದ ಕವಿ ನನಗೆ ಬೇರೆ ಗೊತ್ತಿಲ್ಲ. ಕಡೆಯಲ್ಲಿ ‘ಅಕಂಪಾನ್ಯೆಮೆ ಸಿವಿಲ್’ ಇದೆ, ‘ನಡಿ ನನ್ನ ಜೊತೆ’ ಅಂತ ಜನಸಾಮಾನ್ಯನನ್ನು ಕರೆಯುವ ಸಮವಸ್ತ್ರದ ದರ್ಪದ ಬಗ್ಗೆ. ಪ್ರೇಮದ ಆಲ್ಬಮ್ಮಿನಲ್ಲಿ ಅದನ್ನೂ ಇಟ್ಟ ಅನ್ನೋದು ನನಗೆ ಇಷ್ಟ.

1992ರಲ್ಲಿ ಅತ್ಯುತ್ತಮ ಟ್ರಾಪಿಕಲ್ ಲ್ಯಾಟಿನ್ ಆಲ್ಬಮ್ ಅಂತ ಗ್ರ್ಯಾಮಿ ಕೊಟ್ಟರು. ಬಚಾತಾ ಕೇಳಿದರೆ ಮೂಗು ಮುರಿಯುತ್ತಿದ್ದ ಮನೆಗಳ ಹಾಲ್‌ಗೆ ಆ ಪದ ಈಗ ಕ್ಯಾಸೆಟ್ಟಿನ ಹೆಸರಾಗಿ ಬಂತು.

ಸಂತೋಷ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಮೂವತ್ತು ವರ್ಷ ಬೈಗುಳ ತಿಂದವರು ಯಾರು, ಬಹುಮಾನ ಬಂದದ್ದು ಯಾರಿಗೆ? ಗೆರ್ರಾನ ಬಚಾತಾದಲ್ಲಿ ಸಿಂಥಸೈಜರ್ ಇದೆ, ಬರ್ಕ್ಲಿಯಲ್ಲಿ ಕಲಿತ ಹಾರ್ಮನಿ ಇದೆ. ಲೂಯಿಸ್ ಸೆಗುರಾ, ಲಿಯೊನಾರ್ಡೊ ಪನಿಯಾಗ್ವಾ ಥರದವರ ಅಳುವ ಗಿಟಾರು ಅದಲ್ಲ. ಓದಿದವನು ಹಾಡಿದ ಮೇಲಷ್ಟೇ ಅದು ಸಂಗೀತ ಆಯ್ತಾ ಅಂತ ಒಬ್ಬ ಹಳೇ ಗಿಟಾರಿನವನು ಕೇಳಿದರೆ ಉತ್ತರ ಕೊಡೋದು ಕಷ್ಟ.

ಹಾಗಂತ ಗೆರ್ರಾನನ್ನು ಕಳ್ಳ ಅನ್ನೋಕೆ ನಾನು ತಯಾರಿಲ್ಲ. ಬೇಕಿದ್ದರೆ ‘ರೊಮ್ಯಾಂಟಿಕ್ ಸಾಂಗ್ಸ್’ ಅಂತ ಹೆಸರಿಟ್ಟು ಮಾರಬಹುದಿತ್ತು. ಆತ ಆ ಪದವನ್ನೇ ಇಟ್ಟ. ಇನ್ನೊಂದು ಸಂಗತಿಯೂ ಇದೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ, 1991ರಲ್ಲಿ, ದೇಶದ ವಾಯವ್ಯ ಮೂಲೆಯ ಮೊಂತೆ ಕ್ರಿಸ್ತಿ ಕಡೆಯ ಹಳ್ಳಿ ಹುಡುಗ ಆಂಟೊನಿ ಸಾಂತೋಸ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದ. ಯಾವ ಬರ್ಕ್ಲಿಯೂ ಇಲ್ಲ. ಜನ ಅವನನ್ನೂ ಹೊತ್ತು ಮೆರೆಸಿದರು. ಬಾಗಿಲು ಒಳಗಿನಿಂದಲೂ ತೆರೆಯಿತು, ಹೊರಗಿನಿಂದಲೂ ಒದ್ದರು. ಇವತ್ತಿನ ಡ್ಯಾನ್ಸ್ ಕ್ಲಾಸಿನ ಬಚಾತಾಗೆ ಈ ಇಬ್ಬರ ಸಾಲವೂ ಇದೆ.

2019ರಲ್ಲಿ ಯುನೆಸ್ಕೊ ಬಚಾತಾವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ತ್ರುಹಿಯೊ ಮೆಚ್ಚಿದ ಮೆರೆಂಗೆ ಅದಕ್ಕೂ ಮೊದಲೇ, 2016ರಲ್ಲೇ, ಆ ಪಟ್ಟಿಯಲ್ಲಿತ್ತು. ಅಲ್ಲೂ ಮೂರು ವರ್ಷ ಕಾಯಿಸಿದರು ನೋಡಿ.

ಇವತ್ತು ಊಟ ಆದಮೇಲೆ ಫೋನಲ್ಲಿ ಹುಡುಕಿ. ‘ಬಚಾತಾ ರೋಸಾ’ ಕೇಳೋ ಮುಂಚೆ ಕಾಲ್ದೆರೊನ್‌ನ 1962ರ ಒಂದು ಹಾಡು ಕೇಳಿ. ರೆಕಾರ್ಡಿಂಗ್ ಹಳೇದು, ಸ್ವಲ್ಪ ಗೊರಗೊರ ಅನ್ನುತ್ತೆ, ಸಹಿಸಿಕೊಳ್ಳಿ. ಆಮೇಲೆ ಗೆರ್ರಾ.