ತಾಳಿ ಹರಿದ ಮೇಲೆ ಉಳಿಯುವುದು ಕಾಗದ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲ್ಲೂಕಿನ ಹಾಸ್ಟೆಲುಗಳಿಂದ ಬಂದು ಕೂತಿದ್ದೀರಿ. ಮದುವೆ ಬಗ್ಗೆ ಮಾತಾಡ್ತೀನಿ ಅಂದ ಕೂಡಲೆ ಹಿಂದಿನ ಸಾಲಿನವರು ನಕ್ಕಿರಿ. ನಗ್ರಿ. ಆದರೆ ನಾನು ತಂದಿರುವುದು ಪ್ರೀತಿಯ ಮಾತಲ್ಲ, ಕಾಗದದ ಮಾತು.

ನಮ್ಮಪ್ಪ ಸತ್ತ ದಿನ ಕೇರಿಯವರು ಕೂಡಿ ಅವ್ವನ ತಾಳಿ ತೆಗೆಸಿದರು, ಬಳೆ ಒಡೆಸಿದರು. ತಿಂಗಳೊಪ್ಪತ್ತು ಕಳೆದ ಮೇಲೆ ಹೊಲದ ಪೌತಿ ಖಾತೆಗೆಂದು ಅವ್ವ ಕಚೇರಿಗೆ ಹೋದಳು. ಮೇಜಿನ ಹಿಂದೆ ಕೂತವರು ಕೇಳಿದರು: "ನೀ ಅವನ ಹೇಂತಿ ಅನ್ನೂದಕ್ಕ ಏನ್ ಗುರುತೈತಿ?" ಇದ್ದೊಂದು ಗುರುತನ್ನು ನಾವೇ ಹರಿದು ಹಾಕಿದ್ದೆವು! ಒಂದೆಕರೆ ಹೊಲಕ್ಕಾಗಿ ಕೂಲಿ ಬಿಟ್ಟು ಎರಡು ವರ್ಷ ಅಲೆದಳು. ಅವಳ ಮದುವೆ ಸುಳ್ಳಾಗಿರಲಿಲ್ಲ. ಕೇರಿಯ ರೂಢಿಯಂತೆ ಆದ ಮದುವೆಗೆ ಕಾನೂನಿನ ಒಪ್ಪಿಗೆ ಇದೆ. ಇಲ್ಲದ್ದು ಪುರಾವೆ.

ಮದುವೆ ಅಂದರೆ ಬರೀ ವಾಲಗ, ಊಟ ಅಲ್ಲ, ಅದು ಹಕ್ಕು. ಗಂಡ ಉಯಿಲು ಬರೆಯದೆ ಸತ್ತರೆ ಅವನ ಆಸ್ತಿಯಲ್ಲಿ ಹೆಂಡತಿಗೆ, ಗಂಡು ಹೆಣ್ಣು ಮಕ್ಕಳಿಗೆ, ಹೆತ್ತ ತಾಯಿಗೆ ಸಮಪಾಲು ಎನ್ನುತ್ತದೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಗಂಡ ದುಡಿಯುವ ಜಾಗದಲ್ಲಿ ಅಪಘಾತದಿಂದ ಸತ್ತರೆ ಕಾನೂನಿನಂತೆ ಪರಿಹಾರ ಕೇಳುವವಳು ಅವಳು. ಗಂಡ ಬಿಟ್ಟು ಹೋದರೆ ಜೀವನಾಂಶ ಕೇಳುವವಳೂ ಅವಳೇ. ಇವೆಲ್ಲ ಭಿಕ್ಷೆಯಲ್ಲ. ಆದರೆ ಎಲ್ಲ ಕಡೆಯೂ ಮೊದಲ ಪ್ರಶ್ನೆ ಒಂದೇ: ಹೆಂಡತಿ ಅನ್ನೋದಕ್ಕೆ ಪುರಾವೆ ಏನು?

ಈ ಪ್ರಶ್ನೆ ನಮ್ಮ ಹೆಣ್ಣುಮಕ್ಕಳ ಎದೆಗೆ ಯಾಕೆ ಹೆಚ್ಚು ಚುಚ್ಚುತ್ತದೆ? ಮುತ್ತು ಕಟ್ಟಿಸಿಕೊಂಡ ನಮ್ಮ ಅಜ್ಜಿಯರನ್ನು ನೆನೆಯಿರಿ. ದೇವಿಯ ಹೆಸರಲ್ಲಿ ಕಟ್ಟಿದರು, ಸುಖ ಉಳ್ಳವರು ಉಂಡರು. ಬಂದವನು ಮನೆಗೆ ಬಂದ, ಅವನ ಹೊಲದ ಉತಾರದೊಳಗೆ ಇವಳ ಮಕ್ಕಳ ಹೆಸರು ಬರಲಿಲ್ಲ. ಈ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿಯ ಮದುವೆಯೂ ಸಿಂಧು ಎಂದು ಕಾನೂನು ಬಂತು. ಆಮೇಲೆ ಕರ್ನಾಟಕದ 1982ರ ಕಾಯ್ದೆ. ಜಾತಿವ್ಯವಸ್ಥೆ ನಮ್ಮಿಂದ ಕಸಿದದ್ದು ಬರೀ ಹೊಲವನ್ನಲ್ಲ, ಹೆಂಡತಿ ಎನಿಸಿಕೊಳ್ಳುವ ಹಕ್ಕನ್ನೂ ಕಸಿದಿತ್ತು.

ಈಗ ನಿಮ್ಮ ವಿಷಯ. ನಿಮ್ಮಲ್ಲಿ ಕೆಲವರು ಪುರೋಹಿತರು ಬೇಡ, ಬಾಬಾಸಾಹೇಬರ ಫೋಟೋ ಮುಂದೆ ಹಾರ ಬದಲಾಯಿಸುತ್ತೇವೆ ಅನ್ನುತ್ತೀರಿ. ಭಲೆ! ಆದರೆ ಹಿಂದೂ ವಿವಾಹ ಕಾಯ್ದೆ ರೂಢಿಯ ವಿಧಿ ಕೇಳುತ್ತದೆ. ವಿಧಿ ನಡೆಯದೆ ಬರೀ ನೋಂದಣಿ ಮಾಡಿಸಿದರೆ ಆ ಕಾಯ್ದೆಯಲ್ಲಿ ಮದುವೆ ಆಗದು ಎಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದೆ. ತಮಿಳುನಾಡು 1967ರಲ್ಲೇ ಸ್ವಾಭಿಮಾನದ ಮದುವೆಗೆ ತಿದ್ದುಪಡಿ ತಂದಿತು. ನಮ್ಮಲ್ಲಿ ಆ ತಿದ್ದುಪಡಿ ಇಲ್ಲ. ಹಾಗಾಗಿ ನಿಮ್ಮ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಲ್ಲಿ ಒಬ್ಬರು 30 ದಿನ ವಾಸವಿದ್ದ ಕಡೆ ನೋಟೀಸು ಕೊಡಬೇಕು. 30 ದಿನ ಕಳೆದ ಮೇಲೆ ಮೂವರು ಸಾಕ್ಷಿಗಳ ಮುಂದೆ ಸಹಿ. ಬಾಬಾಸಾಹೇಬರೂ 1948ರ ಏಪ್ರಿಲ್ 15ರಂದು ದಿಲ್ಲಿಯಲ್ಲಿ ರಿಜಿಸ್ಟ್ರಾರರ ಮುಂದೆ ಸಹಿ ಹಾಕಿಯೇ ಮದುವೆಯಾದರು.

ಆ 30 ದಿನ ಸಸಾರ ಅಲ್ಲ. ಜಾತಿ ಮೀರಿದ ಜೋಡಿಯ ಹೆಸರು ಕಚೇರಿಯ ಗೋಡೆ ಮೇಲೆ ತೂಗುತ್ತದೆ. ಓದಿದವರು ಮನೆಗೆ ಸುದ್ದಿ ಮುಟ್ಟಿಸುತ್ತಾರೆ. ಅಂಥ ಹೊತ್ತಲ್ಲಿ ಒಬ್ಬಂಟಿಯಾಗಬೇಡಿ, ಸಂಘಟನೆಗೆ ಹೇಳಿ, ಪೊಲೀಸರಿಗೆ ಬರೆದು ಕೊಡಿ. ವಯಸ್ಸಿಗೆ ಬಂದ ಇಬ್ಬರ ಮದುವೆಗೆ ಮನೆಯ, ಪಂಚಾಯತಿಯ ಅಪ್ಪಣೆ ಬೇಕಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ದುಡ್ಡಿನ ಮಾತೂ ಇದೆ. ಪರಿಶಿಷ್ಟ ಜಾತಿಯ ಹುಡುಗ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದರೆ ಸಮಾಜ ಕಲ್ಯಾಣ ಇಲಾಖೆ 2.5 ಲಕ್ಷ, ನಮ್ಮ ಹುಡುಗಿ ಬೇರೆ ಜಾತಿಯವನನ್ನು ಮದುವೆಯಾದರೆ 3 ಲಕ್ಷ ರೂಪಾಯಿ ಕೊಡುತ್ತದೆ. ಅಲ್ಲಿಯೂ ನೋಂದಣಿ ಪತ್ರ ಬೇಕು. ಆ ದುಡ್ಡಿಗಾಗಿ ಮದುವೆಯಾಗಬೇಡಿ. ಆದವರು ಬಿಡಲೂ ಬೇಡಿ.

ಕಡೆಗೆ ಒಂದು ಕೆಲಸ ಹೇಳುತ್ತೇನೆ. ಈ ರಜೆಗೆ ಊರಿಗೆ ಹೋದಾಗ ಅಪ್ಪ ಅವ್ವನ್ನ ಕೇಳಿ: ನಿಮ್ಮ ಮದುವೆ ಎಲ್ಲಿ ಬರೆದಿದೆ? ಇಲ್ಲ ಅಂದರೆ ಸಾಕ್ಷಿಗಳು ಬದುಕಿರುವಾಗಲೇ ಅವರನ್ನು ಕರೆದುಕೊಂಡು ತಾಲ್ಲೂಕಿನ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ. ಹಳೆಯ ಮದುವೆಯನ್ನೂ ಬರೆಸಬಹುದು. ಅರ್ಜಿ ನೀವೇ ತುಂಬಿ. ಓದಿದ್ದು ಅದಕ್ಕೇ ಅಲ್ಲವೇನ್ರಿ? ನಮ್ಮವ್ವನಿಗೆ ಕೇಳಿದ ಪ್ರಶ್ನೆ ನಿಮ್ಮವ್ವನಿಗೆ ಯಾರೂ ಕೇಳಬಾರದು.

ಜೈ ಭೀಮ್.